ಗಾಡಿ ಓಡಿಸೋದು ಬೇರೆ, ಕಲಿಸೋದು ಬೇರೆ

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಸ್ಟೇರಿಂಗ್ ಹಿಡಿದವರು. ಕೆಲವರು ಲಾರಿ, ಬಸ್ಸು ಎರಡನ್ನೂ ಓಡಿಸಿದ್ದೀರಿ. ಹಾಗಾಗಿ ಡ್ರೈವಿಂಗ್ ಇನ್‌ಸ್ಟ್ರಕ್ಟರ್ ಆಗಬೇಕು ಅಂದ ಕೂಡಲೇ ಮನಸ್ಸಿಗೆ ಬರುವ ಮಾತು ಒಂದೇ. ನನಗೆ ಚೆನ್ನಾಗಿ ಓಡಿಸೋಕೆ ಬರುತ್ತೆ, ಇನ್ನೊಬ್ಬರಿಗೆ ಹೇಳಿಕೊಡೋದರಲ್ಲಿ ಏನು ಮಹಾ ಇದೆ? ಇವತ್ತು ಮೊದಲು ಈ ಮಾತನ್ನೇ ಹಿಡಿದುಕೊಳ್ಳೋಣ. ಇದು ತಲೆಯಿಂದ ಹೋಗದಿದ್ದರೆ ಮುಂದೆ ಹೇಳುವ ಪರೀಕ್ಷೆ, ಅಂಕ, ನಿಯಮ ಯಾವುದೂ ಅರ್ಥವಾಗುವುದಿಲ್ಲ.

ಸುಮ್ನೆ ಒಂದು ಪ್ರಶ್ನೆ. ಏರಿನಲ್ಲಿ ನಿಂತ ಗಾಡಿಯನ್ನು ಮುಂದಕ್ಕೆ ತೆಗೆಯುವಾಗ ನಿಮ್ಮ ಎಡಗಾಲು ಏನು ಮಾಡುತ್ತದೆ? "ಕ್ಲಚ್ ಬಿಡುತ್ತೆ" ಅಂತ ಮೂರ್ನಾಲ್ಕು ಕಡೆಯಿಂದ ಕೇಳಿಸಿತು. ಅಷ್ಟೇನಾ? ನಿಜವಾಗಿ ಆಗುವುದನ್ನು ನಿಧಾನವಾಗಿ ನೋಡಿ. ಕಾಲು ಕ್ಲಚ್ಚನ್ನು ಮೆಲ್ಲಗೆ ಮೇಲಕ್ಕೆ ತರುತ್ತದೆ, ಒಂದು ಜಾಗಕ್ಕೆ ಬಂದಾಗ ಎಂಜಿನ್ ಸದ್ದು ತುಸು ಭಾರವಾಗುತ್ತದೆ, ಗಾಡಿಯಲ್ಲಿ ಸಣ್ಣ ನಡುಕ ಬರುತ್ತದೆ, ಬಾನೆಟ್ ಒಂದಿಷ್ಟು ಎದ್ದಂತೆ ಕಾಣುತ್ತದೆ. ಅಲ್ಲಿ ಕಾಲು ನಿಂತುಬಿಡುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಆಗ ಹ್ಯಾಂಡ್‌ಬ್ರೇಕ್ ಇಳಿಯುತ್ತದೆ, ಬಲಗಾಲು ಆಕ್ಸಿಲರೇಟರ್ ಮೇಲೆ ಸ್ವಲ್ಪ ಭಾರ ಹಾಕುತ್ತದೆ, ಗಾಡಿ ಒಂದೆರಡು ಮಾರು ಮುಂದೆ ಹೋದ ಮೇಲೆ ಎಡಗಾಲು ಉಳಿದ ಕ್ಲಚ್ಚನ್ನು ಬಿಡುತ್ತದೆ. ಕಾಲು ನಿಲ್ಲುತ್ತದಲ್ಲ, ಆ ಒಂದು ಕ್ಷಣ ನಿಮಗೆ ನೆನಪಾಗಲಿಲ್ಲ. ಹೊಸಬರು ಗಾಡಿ ಆಫ್ ಮಾಡಿಕೊಳ್ಳುವುದು ಸರಿಯಾಗಿ ಅಲ್ಲೇ.

ನಿಮ್ಮ ತಪ್ಪೇನೂ ಇಲ್ಲ ಇದರಲ್ಲಿ. ಒಂದು ಕೆಲಸ ಕೈಕಾಲಿಗೆ ಇಳಿದ ಮೇಲೆ ತಲೆ ಅದನ್ನು ಬಿಟ್ಟುಬಿಡುತ್ತದೆ. ಬಿಡಲೇಬೇಕು, ಇಲ್ಲದಿದ್ದರೆ ರಸ್ತೆ ನೋಡುವವರು ಯಾರು? 1970ರಲ್ಲಿ ಅಮೆರಿಕದಲ್ಲಿ ಮೆಕ್‌ನೈಟ್ ಮತ್ತು ಆಡಮ್ಸ್ ಅನ್ನುವ ಇಬ್ಬರು ಸಂಶೋಧಕರು ಗಾಡಿ ಓಡಿಸುವ ಕೆಲಸವನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿದರು. ಒಂದೂವರೆ ಸಾವಿರಕ್ಕಿಂತ ಜಾಸ್ತಿ ಸಣ್ಣ ಸಣ್ಣ ಕೆಲಸಗಳು ಸಿಕ್ಕವು. ಅಷ್ಟನ್ನೂ ನೀವು ದಿನಾ ಮಾಡುತ್ತೀರಿ, ಮಾಡುತ್ತಿದ್ದೀರಿ ಅಂತ ಗೊತ್ತೇ ಇರುವುದಿಲ್ಲ. ಇನ್‌ಸ್ಟ್ರಕ್ಟರ್ ಆಗುವುದು ಅಂದರೆ ಹೀಗೆ ಮರೆತಿದ್ದನ್ನು ಮತ್ತೆ ಹುಡುಕಿ ತೆಗೆಯುವುದು. ಅದೂ ಪಕ್ಕದ ಸೀಟಿನಲ್ಲಿ ಕೂತು, ಸ್ಟೇರಿಂಗ್ ಇನ್ನೊಬ್ಬರ ಕೈಯಲ್ಲಿರುವಾಗ.

ಈಗ ಕಾನೂನು ಏನು ಕೇಳುತ್ತದೆ ನೋಡೋಣ. ದೇಶಕ್ಕೊಂದು ಪದ್ಧತಿ. ಒಂದೊಂದು ದೇಶದ ನಿಯಮ ಓದಿದರೆ ಅವರು ಇನ್‌ಸ್ಟ್ರಕ್ಟರ್ ಅಂದರೆ ಯಾರು ಅಂದುಕೊಂಡಿದ್ದಾರೆ ಅನ್ನುವುದು ತಿಳಿಯುತ್ತದೆ. ಅದಕ್ಕೇ ನನಗೆ ಈ ನಿಯಮಗಳನ್ನು ಓದುವುದು ಇಷ್ಟ. ಬೇರೆಯವರಿಗೆ ನಿದ್ದೆ ಬರುತ್ತದೆ, ಗೊತ್ತು.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 12ನೇ ಸೆಕ್ಷನ್ ಡ್ರೈವಿಂಗ್ ಸ್ಕೂಲುಗಳ ಬಗ್ಗೆ ಹೇಳುತ್ತದೆ. ವಿವರ ಇರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, 24ನೇ ನಿಯಮದಿಂದ ಮುಂದಕ್ಕೆ. ಅಲ್ಲಿ ಇನ್‌ಸ್ಟ್ರಕ್ಟರ್‌ಗೆ ಕೇಳಿರುವುದು ಹತ್ತನೇ ತರಗತಿ ಪಾಸು, ಕನಿಷ್ಠ 5 ವರ್ಷ ಗಾಡಿ ಓಡಿಸಿದ ಅನುಭವ, ಜೊತೆಗೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟು ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಅದಕ್ಕಿಂತ ಮೇಲಿನ ಓದು. ಟ್ರಾಫಿಕ್ ಚಿಹ್ನೆಗಳು ಪೂರ್ತಿ ಗೊತ್ತಿರಬೇಕು. ಗಾಡಿಯ ಬೇರೆ ಬೇರೆ ಭಾಗ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಿ ವಿವರಿಸಲು ಬರಬೇಕು. ಇಂಗ್ಲಿಷ್ ಅಥವಾ ಆ ಪ್ರದೇಶದ ಭಾಷೆ ಸಾಕಷ್ಟು ಬರಬೇಕು. ಕಲಿಸುವ ಗಾಡಿಗೆ, ಮೋಟಾರ್ ಸೈಕಲ್ ಬಿಟ್ಟು, ಡ್ಯುಯಲ್ ಕಂಟ್ರೋಲ್, ಅಂದರೆ ಇನ್‌ಸ್ಟ್ರಕ್ಟರ್ ಕಾಲಿಗೂ ಸಿಗುವ ಬ್ರೇಕ್, ಕ್ಲಚ್, ಇರಲೇಬೇಕು.

ಈ ಪಟ್ಟಿಯನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಿ. ಇದರಲ್ಲಿರುವ ಮನುಷ್ಯ ಯಾರು? ಅನುಭವಸ್ಥ ಡ್ರೈವರ್, ಜೊತೆಗೆ ಅರ್ಧ ಮೆಕ್ಯಾನಿಕ್. ಗಾಡಿ ದಾರಿಯಲ್ಲಿ ಕೆಟ್ಟು ನಿಲ್ಲುವುದು ಮಾಮೂಲಿ ಆಗಿದ್ದ ಕಾಲಕ್ಕೆ ಅದು ಸರಿಯಾದ ಲೆಕ್ಕಾಚಾರವೇ. ವಿವರಿಸಲು ಬರಬೇಕು ಅನ್ನುವ ಸಾಲೂ ಇದೆ, ಇಲ್ಲ ಅನ್ನುವುದಿಲ್ಲ, ಆದರೆ ಅದು ಗಾಡಿಯ ಭಾಗಗಳಿಗೆ ಸಂಬಂಧಿಸಿದ್ದು. ಕಲಿಯುವವರು ಹೆದರಿದಾಗ ಏನು ಮಾಡುತ್ತೀರಿ, ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದರೆ ಕಾರಣ ಹೇಗೆ ಹುಡುಕುತ್ತೀರಿ, ಅಂತ ಆ ಪಟ್ಟಿ ಕೇಳುವುದಿಲ್ಲ. ಅದೇ ನಿಯಮಗಳ 31ರಲ್ಲಿ ಪಾಠದ ಪಟ್ಟಿ ಇದೆ. ಖಾಸಗಿ ಗಾಡಿಗೆ ತರಬೇತಿ ಕನಿಷ್ಠ 21 ದಿನ, ಅದರಲ್ಲಿ ನಿಜವಾಗಿ ಓಡಿಸುವುದು 10 ಗಂಟೆಗೆ ಕಡಿಮೆ ಇರಬಾರದು. ಬಾಡಿಗೆ, ಸಾಗಣೆ ಗಾಡಿಗಳಿಗೆ 30 ದಿನ, 15 ಗಂಟೆ.

2021ರ ಜುಲೈನಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಅಂತ ಹೊಸ ವ್ಯವಸ್ಥೆ ಬಂತು. ಅಲ್ಲಿ ಕಲಿಸುವವರಿಗೆ ಹನ್ನೆರಡನೇ ತರಗತಿ ಮತ್ತು 5 ವರ್ಷದ ಅನುಭವ ಬೇಕು. ಲಘು ವಾಹನದ ಕೋರ್ಸು 29 ಗಂಟೆ, 8 ಗಂಟೆ ಥಿಯರಿ, 21 ಗಂಟೆ ಪ್ರಾಕ್ಟಿಕಲ್. ಅಲ್ಲಿ ಪಾಸಾದವರಿಗೆ ಲೈಸೆನ್ಸ್ ಕಚೇರಿಯ ಡ್ರೈವಿಂಗ್ ಟೆಸ್ಟಿನಿಂದ ವಿನಾಯಿತಿ. ಅಂದರೆ ಪಾಸ್-ಫೇಲ್ ತೀರ್ಮಾನದ ಭಾರ ಕಲಿಸುವವರ ಕಡೆಗೇ ಬಂತು. ಜವಾಬ್ದಾರಿ ಹೆಚ್ಚಾಯಿತು ಅಂತಲೇ ನಾನು ಓದಿಕೊಳ್ಳುತ್ತೇನೆ.

ಇನ್ನು ಬ್ರಿಟನ್. ಇದರ ಬಗ್ಗೆ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಕಲಿಸುವ ಕಲೆಯನ್ನೇ ಬಿಡಿಸಿ ಅಂಕ ಹಾಕುವ ಪದ್ಧತಿ ಅಲ್ಲಿದೆ, ಅದು ಯಾರು ಬೇಕಾದರೂ ಓದಬಹುದಾದ ರೀತಿಯಲ್ಲಿದೆ. ನೀವು ಅಲ್ಲಿ ಪರೀಕ್ಷೆ ಕಟ್ಟದಿದ್ದರೂ ಅದು ಒಳ್ಳೆಯ ಕನ್ನಡಿ. 1964ರಲ್ಲಿ ಇನ್‌ಸ್ಟ್ರಕ್ಟರುಗಳ ಪಟ್ಟಿ ಶುರುವಾದಾಗ ಹೆಸರು ಬರೆಸುವುದು ಅವರವರ ಇಷ್ಟಕ್ಕೆ ಬಿಟ್ಟಿದ್ದಾಗಿತ್ತು. 1970ರಿಂದ ಕಡ್ಡಾಯ. ಪಟ್ಟಿಯಲ್ಲಿ ಹೆಸರಿಲ್ಲದೆ ದುಡ್ಡು ತಗೊಂಡು ಕಾರು ಕಲಿಸಿದರೆ ಅಪರಾಧ. ಪಟ್ಟಿಗೆ ಸೇರಲು ಮೂರು ಹಂತ ದಾಟಬೇಕು.

ಮೊದಲನೆಯದು ಥಿಯರಿ. 100 ಪ್ರಶ್ನೆ, 90 ನಿಮಿಷ, 85 ಬಂದರೆ ಪಾಸು. ಇಲ್ಲೊಂದು ಕೊಕ್ಕೆ ಇದೆ. ಪ್ರಶ್ನೆಗಳು ತಲಾ 25ರಂತೆ ನಾಲ್ಕು ಗುಂಪು, ಪ್ರತಿ ಗುಂಪಿನಲ್ಲೂ ಕನಿಷ್ಠ 20 ಬರಲೇಬೇಕು. ಮೂರು ಗುಂಪಿನಲ್ಲಿ 24, 24, 24 ತಗೊಂಡು ನಾಲ್ಕನೆಯದರಲ್ಲಿ 19 ಬಂತು ಅಂದುಕೊಳ್ಳಿ. ಒಟ್ಟು 91, ಆದರೂ ಫೇಲು. ನಾಲ್ಕನೇ ಗುಂಪಿನಲ್ಲಿರುವುದು ಕಲಿಸುವ ವಿಧಾನದ ಪ್ರಶ್ನೆಗಳು, ಹಳೇ ಡ್ರೈವರುಗಳು "ಇದೇನ್ ಬಿಡಿ" ಅಂತ ಬಿಟ್ಟು ಹೋಗುವ ಭಾಗ. ಇದರ ಜೊತೆಗೇ ಅಪಾಯ ಗುರುತಿಸುವ ಪರೀಕ್ಷೆ. 14 ವಿಡಿಯೊ ತುಣುಕು, ಬೆಳೆಯುತ್ತಿರುವ ಅಪಾಯ ಕಂಡ ಕೂಡಲೇ ಒತ್ತಬೇಕು, 75ಕ್ಕೆ 57 ಬೇಕು.

ಎರಡನೆಯದು ನಿಮ್ಮ ಸ್ವಂತ ಡ್ರೈವಿಂಗ್. ಸುಮಾರು ಒಂದು ಗಂಟೆ. ಸಾಮಾನ್ಯ ಲೈಸೆನ್ಸ್ ಟೆಸ್ಟಿನಲ್ಲಿ 15 ಸಣ್ಣ ತಪ್ಪಿನವರೆಗೂ ಬಿಡುತ್ತಾರೆ, ಇಲ್ಲಿ 6ಕ್ಕಿಂತ ಜಾಸ್ತಿ ಆದರೆ ಮುಗಿಯಿತು. ಅಪಾಯದ ತಪ್ಪು ಒಂದಾದರೂ ಮುಗಿಯಿತು. ಶುರುವಿನಲ್ಲೇ 26.5 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಿಸುತ್ತಾರೆ. ಇಲ್ಲಿ ಒಂದು ಮಾತು. ನುರಿತ ಡ್ರೈವರುಗಳಿಗೆ ಈ ಹಂತ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದೇ ಅವರಿಗೆ ಮೊದಲ ಪೆಟ್ಟು. ಒಂದೇ ಕೈಯಲ್ಲಿ ಸ್ಟೇರಿಂಗ್, ಗೇರ್ ಮೇಲೆ ಸದಾ ಕೈ, ಕ್ಲಚ್ ಮೇಲೆ ಕಾಲು ಇಟ್ಟುಕೊಂಡೇ ಹೋಗುವುದು, ಕನ್ನಡಿ ನೋಡದೆ ಇಂಡಿಕೇಟರ್ ಹಾಕುವುದು, ಇವೆಲ್ಲ ವರ್ಷಗಳಲ್ಲಿ ಸದ್ದಿಲ್ಲದೆ ಸೇರಿಕೊಂಡವು. ಇವನ್ನು ಬಿಡಿಸುವುದು ಹೊಸಬರಿಗೆ ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ನೀವು ಮಾಡುವುದನ್ನು ನೋಡಿಯೇ ಕಲಿಯುವವರು ಅರ್ಧ ಕಲಿಯುತ್ತಾರೆ. ಹಾಗಾಗಿ ಈ ಹಂತ ಬೇಡದ ಕಾಟ ಅನ್ನಬೇಡಿ.

ಮೂರನೆಯದೇ ಅಸಲಿ ಪರೀಕ್ಷೆ. ನೀವು ನಿಜವಾಗಿ ಒಬ್ಬರಿಗೆ ಪಾಠ ಮಾಡಬೇಕು, ಪರೀಕ್ಷಕರು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಾರೆ. 2017ರ ಡಿಸೆಂಬರಿನವರೆಗೂ ಪರೀಕ್ಷಕರೇ ಕಲಿಯುವವರಂತೆ ನಾಟಕ ಆಡುತ್ತಿದ್ದರು. ಬೇಕಂತಲೇ ತಪ್ಪು ಮಾಡುವುದು, ನೀವು ಹಿಡಿಯುತ್ತೀರಾ ಅಂತ ನೋಡುವುದು. ಅದಕ್ಕೆ ತಯಾರಾಗುವವರು ತಪ್ಪುಗಳ ಪಟ್ಟಿಯನ್ನೇ ಬಾಯಿಪಾಠ ಮಾಡುತ್ತಿದ್ದರು. ಈಗ ನಿಜವಾದ ವಿದ್ಯಾರ್ಥಿ, ನಿಜವಾದ ಪಾಠ. ನಿಜವಾದ ಮನುಷ್ಯರು ಪಟ್ಟಿ ನೋಡಿಕೊಂಡು ತಪ್ಪು ಮಾಡುವುದಿಲ್ಲವಲ್ಲ, ಹಾಗಾಗಿ ಬಾಯಿಪಾಠದ ಆಟ ನಡೆಯುವುದಿಲ್ಲ.

ಅಂಕ ಹಾಕುವುದು 17 ವಿಷಯಕ್ಕೆ, ಒಂದೊಂದಕ್ಕೂ 0ಯಿಂದ 3. ಒಟ್ಟು 51. 31 ಬಂದರೆ ಪಾಸು, 43 ಅಥವಾ ಜಾಸ್ತಿ ಬಂದರೆ ಎ ಗ್ರೇಡ್. ಈ 17 ಮೂರು ಗುಂಪಾಗಿವೆ, ಪಾಠದ ಯೋಜನೆ, ಅಪಾಯದ ನಿರ್ವಹಣೆ, ಕಲಿಸುವ ಮತ್ತು ಕಲಿಯುವ ರೀತಿ. ಅಪಾಯದ ಗುಂಪಿನಲ್ಲಿ ಇರುವುದು ಐದೇ ವಿಷಯ, 15 ಅಂಕ. ಅದರಲ್ಲಿ 7 ಅಥವಾ ಕಡಿಮೆ ಬಂದರೆ ಒಟ್ಟು ಎಷ್ಟೇ ಇರಲಿ, ಫೇಲು. ನೋಡಿ, 17ರಲ್ಲಿ ಎಲ್ಲೂ ಎಂಜಿನ್ ಬಿಚ್ಚಿ ಜೋಡಿಸುವ ಮಾತಿಲ್ಲ. ವಿದ್ಯಾರ್ಥಿಗೆ ಏನು ಬೇಕು ಅಂತ ಕೇಳಿದಿರಾ? ಆರಿಸಿದ ರಸ್ತೆ ಅವರ ಮಟ್ಟಕ್ಕೆ ಸರಿ ಇತ್ತಾ? ಯೋಜನೆ ಕೈಕೊಟ್ಟಾಗ ಬದಲಾಯಿಸಿದಿರಾ? ಅವರ ಪ್ರಶ್ನೆಗೆ ಉತ್ತರ ಕೊಟ್ಟಿರಾ? ಇಂಥವೇ.

ಅಪಾಯದ ಗುಂಪಿನಲ್ಲಿ ಮೊದಲು ಬರುವುದು ಯಾರ ಜವಾಬ್ದಾರಿ ಎಷ್ಟು ಅನ್ನುವುದು. ಇದನ್ನು ಗಾಡಿ ಹೊರಡುವ ಮೊದಲೇ ಮಾತಾಡಿಕೊಳ್ಳಬೇಕು. ಬಹಳ ಜನ ಇದನ್ನು ಬಾಯಿಪಾಠದ ಸಾಲಾಗಿ ಒದರಿಬಿಡುತ್ತಾರೆ, "ನನ್ನ ಹತ್ರಾನೂ ಬ್ರೇಕ್ ಇದೆ, ಹೆದರಬೇಡಿ" ಅಂತ. ಅದು ಸಾಲದು. ಹೆದರಬೇಡಿ ಅಂದ ಕೂಡಲೇ ಯಾರೂ ಹೆದರಿಕೆ ಬಿಡುವುದಿಲ್ಲ, ಹೆದರಬೇಕಾದ್ದು ಏನೋ ಇದೆ ಅಂತ ಮಾತ್ರ ಗೊತ್ತಾಗುತ್ತದೆ! ಹೀಗೆ ಹೇಳಿ ನೋಡಿ. "ಇವತ್ತು ಗೇರು, ಕ್ಲಚ್ಚು ಪೂರ್ತಿ ನಿಮ್ಮದು. ಹಿಂದೆ ಬರುವ ಗಾಡಿ ನಾನು ನೋಡಿಕೊಳ್ಳುತ್ತೇನೆ. ಕ್ರಾಸ್ ಹತ್ತಿರ ಬಂದಾಗ ನಿಲ್ಲಬೇಕಾ ಹೋಗಬೇಕಾ ಅಂತ ನೀವು ಬಾಯಿಬಿಟ್ಟು ಹೇಳಿ, ನಾನು ಹೂಂ ಅಂದ ಮೇಲೆ ಹೋಗಿ." ಈಗ ಅವರಿಗೆ ತಮ್ಮ ಪಾಲು ಎಷ್ಟು ಅಂತ ಗೊತ್ತು. ಮುಂದಿನ ವಾರ ಹಿಂದಿನ ಗಾಡಿಯನ್ನೂ ಅವರಿಗೇ ಒಪ್ಪಿಸಬಹುದು, ಹೂಂ ಅನ್ನುವುದನ್ನು ನಿಲ್ಲಿಸಬಹುದು. ಪಾಠದಿಂದ ಪಾಠಕ್ಕೆ ಜವಾಬ್ದಾರಿ ನಿಮ್ಮಿಂದ ಅವರಿಗೆ ಸರಿಯುತ್ತಾ ಹೋಗಬೇಕು. ಕೊನೆಗೆ ಅವರು ಒಬ್ಬರೇ ಹೋಗುವವರು ತಾನೇ.

ಡ್ಯುಯಲ್ ಕಂಟ್ರೋಲ್ ವಿಷಯಕ್ಕೆ ಬಂದೆ. ಬ್ರೇಕ್ ನಿಮ್ಮ ಕಾಲ ಕೆಳಗೆ ಇದೆ ಅಂದ ಮಾತ್ರಕ್ಕೆ ಕಾಲು ಅಲ್ಲೇ ಇರಬೇಕಾಗಿಲ್ಲ. ಕೆಲವು ಇನ್‌ಸ್ಟ್ರಕ್ಟರುಗಳು ತಾವೇ ಬ್ರೇಕ್, ತಾವೇ ಕ್ಲಚ್ ಮಾಡಿಕೊಂಡು ಹೋಗುತ್ತಾರೆ, ಎಡಗೈ ಅಥವಾ ಬಲಗೈ ಸ್ಟೇರಿಂಗಿನ ಅಂಚಿನಲ್ಲಿ. ಸ್ಟೇರಿಂಗ್ ಹಿಂದೆ ಕೂತವರು ಸುಮ್ನೆ ಕೂತಿರುತ್ತಾರೆ, ಗಾಡಿ ಬೆಣ್ಣೆಯ ಹಾಗೆ ಹೋಗುತ್ತದೆ. "ಎಷ್ಟು ಬೇಗ ಕಲಿತೆ!" ಅಂತ ಅವರಿಗೆ ಖುಷಿ. ಒಬ್ಬರೇ ಓಡಿಸಿದ ದಿನ ಗೊತ್ತಾಗುತ್ತದೆ, ತಾವು ಕಲಿತಿದ್ದು ಸ್ಟೇರಿಂಗ್ ಹಿಡಿಯುವುದಷ್ಟೇ ಅಂತ. ನೀವು ಬ್ರೇಕ್ ಒತ್ತಲೇಬೇಕಾದ ಸಂದರ್ಭ ಬರುತ್ತದೆ, ಒತ್ತಿ. ಆದರೆ ಒತ್ತಿದೆ ಅಂತ ಹೇಳಿ. ಗಾಡಿ ನಿಲ್ಲಿಸಲು ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಮಾತಾಡಿ. ಆ ಮಾತು ಹೇಗಿರಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಮೇನ್ ರೋಡಿಗೆ ಸೇರುವ ಕ್ರಾಸ್. ವಿದ್ಯಾರ್ಥಿನಿ ಮುಂದಕ್ಕೆ ಹೊರಟರು, ಬೈಕೊಂದು ಬರುತ್ತಿತ್ತು, ಇನ್‌ಸ್ಟ್ರಕ್ಟರ್ ಬ್ರೇಕ್ ಒತ್ತಿದರು. "ಏನಮ್ಮಾ, ಬೈಕ್ ಕಾಣಿಸಲಿಲ್ವಾ?" ಅಂದರೆ ಉತ್ತರ "ಸಾರಿ ಸರ್" ಅಷ್ಟೇ. ಅದರಿಂದ ನಿಮಗೂ ಏನೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಅದರ ಬದಲು ಗಾಡಿ ಪಕ್ಕಕ್ಕೆ ಹಾಕಿಸಿ, "ಅಲ್ಲಿ ನಾನು ಬ್ರೇಕ್ ಹಾಕಿದೆ. ಹೊರಡುವ ಮೊದಲು ನಿಮಗೆ ಏನೇನು ಕಾಣಿಸಿತು, ಹೇಳಿ" ಅಂದರೆ?

"ಬಸ್ ಹೋಗಲಿ ಅಂತ ಕಾಯ್ತಿದ್ದೆ ಸರ್. ಬಸ್ ಹೋಯ್ತು, ಹೊರಟೆ."

"ಬಸ್ಸಿನ ಹಿಂದೆ?"

"ನೋಡಲಿಲ್ಲ."

ಈಗ ಕಾರಣ ಸಿಕ್ಕಿತು. ಅವರ ಕಣ್ಣು ಚೆನ್ನಾಗಿಯೇ ಇದೆ, ಗಮನವೂ ಇತ್ತು. ದೊಡ್ಡ ಗಾಡಿ ದಾಟಿದ ಮೇಲೆ ಅದರ ಹಿಂದೆ ಸಣ್ಣದು ಇರಬಹುದು ಅನ್ನುವ ತಿಳಿವಳಿಕೆ ಇನ್ನೂ ಬಂದಿಲ್ಲ. ಪರಿಹಾರವೂ ಅದಕ್ಕೆ ತಕ್ಕದ್ದು. ಅದೇ ಕ್ರಾಸಿಗೆ ವಾಪಸ್ ಹೋಗಿ, ದೊಡ್ಡ ಗಾಡಿ ದಾಟುವಾಗಲೆಲ್ಲ "ಹಿಂದೆ ಯಾರಿದ್ದಾರೆ" ಅಂತ ಅವರ ಬಾಯಿಂದಲೇ ಹೇಳಿಸುವುದು. ತಪ್ಪು ಏನು ಅಂತ ಹೇಳುವುದು ಯಾರಿಗಾದರೂ ಬರುತ್ತದೆ, ಹಿಂದಿನ ಸೀಟಿನಲ್ಲಿ ಕೂತ ನೆಂಟರಿಗೂ ಬರುತ್ತದೆ. ಯಾಕಾಯಿತು ಅಂತ ಹುಡುಕಿ ಅದಕ್ಕೆ ಮದ್ದು ಕೊಡುವುದಕ್ಕೆ ಅರ್ಹತೆ ಬೇಕು. ಇನ್ನೊಂದು ಸಣ್ಣ ಉದಾಹರಣೆ. ಗೇರ್ ಬದಲಾಯಿಸುವಾಗಲೆಲ್ಲ ಗಾಡಿ ಒಂದು ಕಡೆ ಎಳೆಯುತ್ತದೆ. "ಸ್ಟೇರಿಂಗ್ ನೆಟ್ಟಗೆ ಹಿಡೀರಿ" ಅಂತ ಕಿರುಚಿದರೆ ಏನೂ ಆಗಲ್ಲ. ಅವರು ಗೇರ್ ಕಡ್ಡಿ ನೋಡಲು ತಲೆ ಬಗ್ಗಿಸುತ್ತಿದ್ದಾರೆ, ತಲೆ ಹೋದ ಕಡೆ ಭುಜ, ಭುಜ ಹೋದ ಕಡೆ ಸ್ಟೇರಿಂಗ್. ನಿಂತ ಗಾಡಿಯಲ್ಲಿ, ಎಂಜಿನ್ ಆಫ್ ಮಾಡಿ, ಕಣ್ಣು ರಸ್ತೆ ಮೇಲಿಟ್ಟುಕೊಂಡೇ ಹತ್ತು ನಿಮಿಷ ಗೇರ್ ಬದಲಾಯಿಸಲು ಬಿಡಿ. ಸರಿಹೋಗುತ್ತದೆ.

ಕಣ್ಣಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. 1972ರಲ್ಲಿ ಮೌರಂಟ್ ಮತ್ತು ರಾಕ್‌ವೆಲ್ ಅನ್ನುವವರು ಹೊಸಬರು ಮತ್ತು ನುರಿತವರು ಓಡಿಸುವಾಗ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅಂತ ಅಳೆದರು. ಹೊಸಬರ ನೋಟ ಗಾಡಿಯ ಮುಂದೆ ಹತ್ತಿರದಲ್ಲೇ, ಸಣ್ಣ ಜಾಗದಲ್ಲೇ ಸುತ್ತುತ್ತಿತ್ತು. ಕನ್ನಡಿಗೂ ಕಡಿಮೆ ಹೋಗುತ್ತಿತ್ತು. ನುರಿತವರದು ದೂರಕ್ಕೆ, ಅಗಲಕ್ಕೆ. ನಿಮಗೆ ದೂರದಲ್ಲೇ ಕಂಡ ಎಮ್ಮೆ ಪಕ್ಕದವರಿಗೆ ಕಂಡೇ ಇಲ್ಲ ಅನ್ನುವುದನ್ನು ನೆನಪಿಡಿ, "ಅಷ್ಟು ದೊಡ್ಡದು ಕಾಣಲ್ವಾ" ಅನ್ನಬೇಡಿ. ಅದಕ್ಕೇ ಇನ್‌ಸ್ಟ್ರಕ್ಟರ್ ತನಗಾಗಿ ಎರಡು ಕನ್ನಡಿ ಜಾಸ್ತಿ ಹಾಕಿಕೊಳ್ಳುವುದು. ಒಂದರಲ್ಲಿ ಹಿಂದಿನ ರಸ್ತೆ, ಇನ್ನೊಂದರಲ್ಲಿ ವಿದ್ಯಾರ್ಥಿಯ ಕಣ್ಣು. ಎರಡನೆಯದು ಹೆಚ್ಚು ಉಪಯೋಗದ್ದು ಅಂತ ನನ್ನ ಅಭಿಪ್ರಾಯ. ಅವರು ಕನ್ನಡಿ ಕಡೆ ತಲೆ ಮಾತ್ರ ಆಡಿಸಿದರಾ, ನಿಜವಾಗಿ ನೋಡಿದರಾ ಅನ್ನುವುದು ಅದರಲ್ಲಿ ಸಿಕ್ಕಿಬೀಳುತ್ತದೆ.

ಮಾತಿನ ಸಮಯದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ನೀವು ಒಂದು ಸೂಚನೆ ಹೇಳಿ ಮುಗಿಸಲು ಎರಡು ಮೂರು ಸೆಕೆಂಡ್, ಅವರು ಅರ್ಥ ಮಾಡಿಕೊಂಡು ಕೈಕಾಲು ಆಡಿಸಲು ಇನ್ನೆರಡು. ಅಷ್ಟರಲ್ಲಿ ಗಾಡಿ 50 ಮೀಟರ್ ದಾಟಿರುತ್ತದೆ. ಹಾಗಾಗಿ ತಿರುವು ಕಣ್ಣಿಗೆ ಬಿದ್ದಾಗ ಹೇಳಲು ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. ಸೂಚನೆಯಲ್ಲಿ ಮೊದಲು ಎಲ್ಲಿ, ಆಮೇಲೆ ಯಾವ ಕಡೆ. "ಎಡಕ್ಕೆ ತಗೊಳ್ಳಿ, ಆ ಪೆಟ್ರೋಲ್ ಬಂಕ್ ಆದ್ಮೇಲೆ" ಅಂದರೆ ಎಡಕ್ಕೆ ಅಂದ ಕೂಡಲೇ ಹೊಸಬರ ಕೈ ತಿರುಗಿಬಿಟ್ಟಿರುತ್ತದೆ. "ಪೆಟ್ರೋಲ್ ಬಂಕ್ ಆದ್ಮೇಲೆ ಬರುವ ರಸ್ತೇಲಿ, ಎಡಕ್ಕೆ" ಅನ್ನಿ. ತಿರುವಿನ ನಡುವೆ, ಗೇರಿನ ನಡುವೆ ಹೊಸ ಮಾತು ಶುರು ಮಾಡಬೇಡಿ. ಫೋನಲ್ಲಿ ಮಾತಾಡುತ್ತಾ ಪಾಠ ಮಾಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳಿದರೆ ಇವತ್ತಿನ ಸಮಯ ಪೂರ್ತಿ ಅದಕ್ಕೇ ಹೋಗುತ್ತದೆ.

ಇನ್ನು ಏನು ಕಲಿಸಬೇಕು ಅನ್ನುವುದು. ಗಾಡಿಯ ಕೌಶಲ ಜಾಸ್ತಿ ಕಲಿಸಿದಷ್ಟೂ ಅಪಘಾತ ಕಡಿಮೆ, ಅಲ್ವಾ? ಹಾಗೇ ಅನಿಸುತ್ತದೆ. ನಾರ್ವೆಯವರೂ ಹಾಗೇ ಅಂದುಕೊಂಡರು. ಅಲ್ಲಿ ಹಿಮ, ಜಾರುವ ರಸ್ತೆ. 1979ರಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಓಡಿಸುವ ತರಬೇತಿ ಕಡ್ಡಾಯ ಮಾಡಿದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಎಳೆಯ ಗಂಡುಮಕ್ಕಳ ವಿಷಯದಲ್ಲಿ ಜಾರುವ ರಸ್ತೆಯ ಅಪಘಾತ ಹೆಚ್ಚಾಗಿತ್ತು! ಜಾರಿದರೆ ಸಂಭಾಳಿಸಲು ಬರುತ್ತದೆ ಅನ್ನುವ ಧೈರ್ಯ ಬಂತು, ವೇಗ ಇಳಿಸುವುದನ್ನು ಬಿಟ್ಟರು ಅಂತ ಇದನ್ನು ವಿವರಿಸುತ್ತಾರೆ. 1996ರಲ್ಲಿ ಸ್ವೀಡನ್ನಿನ ಗ್ರೆಗರ್ಸನ್ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಜಾರುವ ಜಾಗದಲ್ಲಿ ಬ್ರೇಕ್ ಹಾಕಿ ತಪ್ಪಿಸಿಕೊಳ್ಳುವ ಕೌಶಲ ಕಲಿಸಿದರು. ಇನ್ನೊಂದು ಗುಂಪಿಗೆ ಅದೇ ಜಾಗದಲ್ಲಿ, ಎಷ್ಟು ಸುಲಭವಾಗಿ ಗಾಡಿ ಕೈಮೀರುತ್ತದೆ ಅನ್ನುವುದನ್ನು ತೋರಿಸಿದರು. ಆಮೇಲೆ ಪರೀಕ್ಷಿಸಿದರೆ ಎರಡೂ ಗುಂಪಿನ ಕೌಶಲ ಒಂದೇ ಮಟ್ಟ. ಆದರೆ ಮೊದಲ ಗುಂಪಿನವರು ತಾವು ಎರಡನೆಯವರಿಗಿಂತ ಚೆನ್ನಾಗಿ ಮಾಡುತ್ತೇವೆ ಅಂದುಕೊಂಡಿದ್ದರು.

ಇನ್‌ಸ್ಟ್ರಕ್ಟರ್ ಆಗುವವರು ಈ ಎರಡು ವಿಷಯ ಚೆನ್ನಾಗಿ ಮೆಲುಕು ಹಾಕಬೇಕು. "ಸೂಪರ್, ನಿಮಗೆ ಪೂರ್ತಿ ಬಂತು" ಅಂತ ಬೆನ್ನು ತಟ್ಟುವುದಕ್ಕೂ ಒಂದು ಬೆಲೆ ಇದೆ. ಫಿನ್ಲೆಂಡಿನ ಹಟಕ್ಕ, ಕೆಸ್ಕಿನೆನ್ ಮತ್ತು ಅವರ ಜೊತೆಯವರು 2002ರಲ್ಲಿ ಡ್ರೈವಿಂಗ್ ಕಲಿಕೆಗೆ ನಾಲ್ಕು ಮೆಟ್ಟಿಲಿನ ಚೌಕಟ್ಟು ಪ್ರಕಟಿಸಿದರು. ಕೆಳಗೆ ಗಾಡಿ ನಿಭಾಯಿಸುವುದು, ಅದರ ಮೇಲೆ ಟ್ರಾಫಿಕ್ಕಿನಲ್ಲಿ ನಡೆದುಕೊಳ್ಳುವುದು, ಅದರ ಮೇಲೆ ಈ ಪ್ರಯಾಣ ಯಾಕೆ, ಯಾರ ಜೊತೆ, ಯಾವ ಹೊತ್ತಲ್ಲಿ ಅನ್ನುವುದು, ಎಲ್ಲಕ್ಕಿಂತ ಮೇಲೆ ಆ ಮನುಷ್ಯನ ಸ್ವಭಾವ, ಬದುಕಿನ ರೀತಿ. ನಾವು ಹೆಚ್ಚಿನವರು ಕಲಿಸುವುದು ಕೆಳಗಿನ ಎರಡು ಮಾತ್ರ. ಸ್ನೇಹಿತರು ತುಂಬಿದ ಗಾಡಿಯಲ್ಲಿ ರಾತ್ರಿ ಹೊತ್ತು ಯಾರೋ "ಇನ್ನೂ ಜೋರಾಗಿ ಹೋಗೋ" ಅಂದರೆ ಏನು ಮಾಡ್ತೀಯಾ ಅಂತ ಹತ್ತೊಂಬತ್ತರ ಹುಡುಗನನ್ನು ಕೇಳಿ. ಉತ್ತರ ಮುಖ್ಯವಲ್ಲ, ಯೋಚಿಸುವಂತೆ ಆದರೆ ಸಾಕು. ಬುದ್ಧಿವಾದ ಹೇಳಲು ಹೋಗಬೇಡಿ, ಮನೆಯಲ್ಲಿ ಬೇಕಾದಷ್ಟು ಕೇಳಿಸಿಕೊಂಡು ಬಂದಿರುತ್ತಾನೆ.

ತಯಾರಿ ಹೇಗೆ ಅಂತ ಕೇಳುತ್ತೀರಿ. ಜರ್ಮನಿಯಲ್ಲಿ 2018ರಿಂದ ಕಾರು ಕಲಿಸುವ ಅರ್ಹತೆಗೆ ಒಂದು ವರ್ಷದ ತರಬೇತಿ. 8 ತಿಂಗಳು ತರಬೇತಿ ಶಾಲೆಯಲ್ಲಿ, 4 ತಿಂಗಳು ನಿಜವಾದ ಡ್ರೈವಿಂಗ್ ಸ್ಕೂಲಿನಲ್ಲಿ, ಕೊನೆಗೆ ಪಾಠ ಮಾಡಿ ತೋರಿಸಬೇಕು. ಬ್ರಿಟನ್ನಿನಲ್ಲಿ ಎರಡನೇ ಹಂತ ಪಾಸಾದವರು ಕನಿಷ್ಠ 40 ಗಂಟೆ ತರಬೇತಿ ಪಡೆದು 6 ತಿಂಗಳ ಟ್ರೇನಿ ಲೈಸೆನ್ಸ್ ತಗೊಳ್ಳಬಹುದು, ಗಾಜಿನ ಮೇಲೆ ಗುಲಾಬಿ ಬಣ್ಣದ ಬ್ಯಾಡ್ಜ್. ಪೂರ್ತಿ ಅರ್ಹತೆ ಬಂದ ಮೇಲೆ ಹಸಿರು. ಎರಡನೆಯದಕ್ಕೂ ಮೂರನೆಯದಕ್ಕೂ ತಲಾ ಮೂರೇ ಅವಕಾಶ, ಥಿಯರಿ ಪಾಸಾದ 2 ವರ್ಷದೊಳಗೆ ಎಲ್ಲಾ ಮುಗಿಯಬೇಕು. ಇಲ್ಲದಿದ್ದರೆ ಮೊದಲಿಂದ. ಹಾಗಾಗಿ "ನೋಡೋಣ, ಒಂದ್ಸಲ ಕೂತು ನೋಡೋಣ" ಅನ್ನುವ ಪರೀಕ್ಷೆ ಅಲ್ಲ ಅದು.

ಯಾವ ದೇಶವೇ ಇರಲಿ, ನಾನು ಹೇಳುವ ತಯಾರಿ ಇದು. ಮೊದಲು ಅನುಭವಿ ಇನ್‌ಸ್ಟ್ರಕ್ಟರ್ ಒಬ್ಬರ ಪಾಠಗಳನ್ನು ಹಿಂದಿನ ಸೀಟಿನಲ್ಲಿ ಕೂತು ನೋಡಿ, ಬಾಯಿಬಿಡದೆ. ಅವರು ಯಾವಾಗ ಸುಮ್ಮನಿರುತ್ತಾರೆ ಅಂತ ಗಮನಿಸಿ. ಆಮೇಲೆ ನೀವು ಓಡಿಸುವಾಗ ಮಾಡುತ್ತಿರುವುದನ್ನೆಲ್ಲ ಜೋರಾಗಿ ಹೇಳಿಕೊಂಡು ಓಡಿಸಿ. "ಮುಂದಿನ ಆಟೋ ನಿಧಾನ ಆಗ್ತಿದೆ, ಹಿಂದೆ ಬೈಕ್ ಹತ್ರ ಇದೆ, ಕಾಲು ಎತ್ತಿದೆ" ಹೀಗೆ. ಮೊದಲ ದಿನ ಐದು ನಿಮಿಷಕ್ಕೇ ಗಂಟಲು ಒಣಗುತ್ತದೆ, ತಲೆ ಬಿಸಿಯಾಗುತ್ತದೆ. ನಿಮ್ಮ ಪಾಠವನ್ನು ವಿದ್ಯಾರ್ಥಿಯ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಹೋಗಿ ಕೇಳಿ. ಒಂದು ಗಂಟೆಯಲ್ಲಿ ನೀವೆಷ್ಟು ಮಾತಾಡಿದಿರಿ, ಅವರೆಷ್ಟು ಅಂತ. ತರಬೇತಿ ಕೊಡುವವರನ್ನು ಆರಿಸುವಾಗ "ನೂರಕ್ಕೆ ನೂರು ಪಾಸ್ ಗ್ಯಾರಂಟಿ" ಅನ್ನುವವರಿಂದ ದೂರ ಇರಿ. ಅವರು ಈಗ ಎಷ್ಟು ಜನರಿಗೆ ನಿಜವಾಗಿ ಡ್ರೈವಿಂಗ್ ಕಲಿಸುತ್ತಿದ್ದಾರೆ, ಒಂದು ಪಾಠ ನೋಡಲು ಬಿಡುತ್ತಾರಾ, ಕೇಳಿ. ಬಿಡದಿದ್ದರೆ ಬೇರೆಯವರನ್ನು ಹುಡುಕಿ.

ಕೊನೆಗೆ ಬಂದ ಪ್ರಶ್ನೆ, ಪಾಠ ಮಾಡಿ ತೋರಿಸುವ ಪರೀಕ್ಷೆಗೆ ಯಾವ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗಬೇಕು ಅಂತ. ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಆಸೆ ಇರುವುದು ತಮ್ಮ ಅತ್ಯುತ್ತಮ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗೋಣ, ತಪ್ಪೇ ಆಗಲ್ಲ ಅಂತ. ತಪ್ಪೇ ಆಗದಿದ್ದರೆ ಪರೀಕ್ಷಕರಿಗೆ ನೀವು ಕಲಿಸಿದ್ದು ಏನು ಕಾಣಬೇಕು? ಅಂಕ ನಿಮ್ಮ ಪಾಠಕ್ಕೆ, ಅವರ ಡ್ರೈವಿಂಗಿಗೆ ಅಲ್ಲ. ಹಾಗಂತ ಮೊನ್ನೆ ಮೊನ್ನೆ ಸ್ಟೇರಿಂಗ್ ಹಿಡಿದವರೂ ಬೇಡ, ಪೂರ್ತಿ ಗಂಟೆ ಗಾಡಿ ಉಳಿಸಿಕೊಳ್ಳುವುದರಲ್ಲೇ ಹೋಗುತ್ತದೆ. ನಡುವಿನವರು ಸರಿ, ಗಾಡಿ ತಕ್ಕಮಟ್ಟಿಗೆ ಕೈಗೆ ಬಂದಿದೆ, ಕ್ರಾಸು, ಸರ್ಕಲ್ ಇನ್ನೂ ತಡವರಿಸುತ್ತಾರೆ ಅಂಥವರು. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವವರನ್ನೂ ಕರೆದುಕೊಂಡು ಹೋಗಬಹುದು, ಇನ್ನೊಬ್ಬ ಇನ್‌ಸ್ಟ್ರಕ್ಟರನ್ನು, ಇದೇ ಪರೀಕ್ಷೆಗೆ ತಯಾರಾಗುತ್ತಿರುವವರನ್ನು ಮಾತ್ರ ಆಗುವುದಿಲ್ಲ. ಒಂದು ವಾರ ಮೊದಲೇ ಅವರಿಗೆ ಹೇಳಿ, ಹಿಂದೆ ಒಬ್ಬರು ಕೂತಿರುತ್ತಾರೆ, ಅವರು ನೋಡುವುದು ನನ್ನನ್ನು, ನಿಮ್ಮನ್ನಲ್ಲ, ನೀವು ಮಾಮೂಲಿ ಪಾಠದ ಹಾಗೆ ತಪ್ಪು ಮಾಡಬಹುದು ಅಂತ. ಆ ದಿನದ ಪಾಠದ ದುಡ್ಡನ್ನು ಅವರಿಂದ ತಗೊಳ್ಳಬೇಡಿ.